ರಾಟರ್‌ಡ್ಯಾಮ್‌ನ ಓರೆ ಮನೆಗಳು: ಫೋಟೊ ತೆಗೆದು ತಿರುಗಿ ಬರಬೇಡಿ, ದಾಟಿಕೊಂಡು ಹೋಗಿ

ಪ್ರಶ್ನೆ: ಮಗಳು ಐಂಡ್‌ಹೋವನ್‌ನಲ್ಲಿ ಕೆಲಸದಲ್ಲಿದ್ದಾಳೆ. ಮೇ ತಿಂಗಳಲ್ಲಿ ನಾನೂ ನಮ್ಮ ಯಜಮಾನರೂ ಅಲ್ಲಿಗೆ ಹೊರಟಿದ್ದೇವೆ. ರಾಟರ್‌ಡ್ಯಾಮ್‌ನಲ್ಲಿ ಕಂಬದ ಮೇಲೆ ಓರೆಯಾಗಿ ನಿಂತ ಹಳದಿ ಮನೆಗಳ ಚಿತ್ರ ನೋಡಿ ಆಸೆಯಾಗಿದೆ. ಒಳಗೆ ನೆಲವೂ ಓರೆಯೇ? ಹೊರಗಿನವರನ್ನು ಒಳಗೆ ಬಿಡುತ್ತಾರೆಯೇ? ಅಂಥವೇ ಮನೆಗಳು ಹೆಲ್ಮಂಡ್‌ನಲ್ಲೂ ಇವೆಯಂತೆ. ಅದು ಮಗಳ ಊರಿಗೆ ಹತ್ತಿರ, ಅಲ್ಲಿಗೇ ಹೋದರೆ ಸಾಲದೇ? ಯಜಮಾನರಿಗೆ ಮಂಡಿ ನೋವಿದೆ. ಒಂದು ದಿನದಲ್ಲಿ ಹೇಗೆ ನೋಡಿ ಬರಬೇಕು?

ಉತ್ತರ: ನೆಲ ಓರೆಯಲ್ಲ. ನಿಮ್ಮ ಮನೆಯ ನೆಲದಷ್ಟೇ ಮಟ್ಟಸವಾಗಿದೆ, ಓರೆಯಾಗಿರುವುದು ಗೋಡೆಗಳು ಮಾತ್ರ. ಒಳಗೆ ನೋಡಲು ಒಂದು ಮನೆಯನ್ನು ಮ್ಯೂಸಿಯಂ ಮಾಡಿ ತೆರೆದಿಟ್ಟಿದ್ದಾರೆ. ಅದು ಇರುವುದು ರಾಟರ್‌ಡ್ಯಾಮ್‌ನಲ್ಲಿ. ಆದ್ದರಿಂದ ಹೆಲ್ಮಂಡ್ ಹತ್ತಿರವಾದರೂ ಮೊದಲ ಭೇಟಿಗೆ ರಾಟರ್‌ಡ್ಯಾಮೇ ಸರಿ. ಮಂಡಿ ನೋವಿನ ವಿಚಾರಕ್ಕೆ ಆಮೇಲೆ ಬರುತ್ತೇನೆ. ಆ ಮ್ಯೂಸಿಯಂ ಮನೆಯ ಮೆಟ್ಟಿಲು ಕಡಿದು ಮತ್ತು ಕಿರಿದು, ಮೊದಲೇ ಯೋಚಿಸಿಕೊಂಡು ಹೋಗಬೇಕು.

ಈ ಮನೆಗಳ ಆಕಾರ ಅರ್ಥವಾಗಬೇಕಾದರೆ ಲೂಡೋ ಆಟದ ಒಂದು ದಾಳ ತೆಗೆದುಕೊಳ್ಳಿ. ಅದರ ಒಂದು ಮೂಲೆಗೆ ಹೆಬ್ಬೆರಳು, ನೇರ ಎದುರಿನ ಮೂಲೆಗೆ ತೋರುಬೆರಳು ಇಟ್ಟು ಹೆಬ್ಬೆರಳು ಕೆಳಗೆ ಬರುವಂತೆ ಹಿಡಿಯಿರಿ. ಮೂರು ಮುಖ ಆಕಾಶ ನೋಡುತ್ತವೆ, ಮೂರು ಮುಖ ನೆಲ ನೋಡುತ್ತವೆ. ಹೆಬ್ಬೆರಳಿನ ಜಾಗದಲ್ಲಿ ಆರು ಮೂಲೆಯ ಕಾಂಕ್ರೀಟ್ ಕಂಬವನ್ನು ಊಹಿಸಿಕೊಂಡರೆ ಒಂದು ಮನೆ ಸಿದ್ಧ. ಮನೆಗಳನ್ನು 45 ಡಿಗ್ರಿ ಓರೆ ಮಾಡಿದ್ದಾರೆ ಎಂದು ಬಹಳ ಕಡೆ ಬರೆಯುತ್ತಾರೆ. ಒಂದು ಅಂಚಿನ ಮೇಲೆ ನಿಲ್ಲಿಸಿದ್ದರೆ ಆ ಮಾತು ಸರಿಯಾಗುತ್ತಿತ್ತು. ಇವು ನಿಂತಿರುವುದು ಮೂಲೆಯ ಮೇಲೆ, ಹಾಗಾಗಿ ಗೋಡೆಗೂ ಸಮತಟ್ಟಿಗೂ ನಡುವಿನ ಕೋನ ಸುಮಾರು 54.7 ಡಿಗ್ರಿ.

ದಾಳವನ್ನು ಹಾಗೆಯೇ ಹಿಡಿದುಕೊಂಡು ಅಡ್ಡಡ್ಡ ಕತ್ತರಿಸಿದಂತೆ ಕಲ್ಪಿಸಿಕೊಳ್ಳಿ. ಕೆಳಗೆ ಕತ್ತರಿಸಿದರೆ ತ್ರಿಕೋನ, ನಟ್ಟನಡುವೆ ಷಟ್ಕೋನ, ಮೇಲೆ ಮತ್ತೆ ತ್ರಿಕೋನ. ಮನೆಯ ಮೂರು ಮಹಡಿಗಳೂ ಹೀಗೆಯೇ ಇವೆ. ಬಾಗಿಲಿನಿಂದ ಕಂಬದೊಳಗಿನ ಮೆಟ್ಟಿಲು ಹತ್ತಿದರೆ ಮೊದಲು ಸಿಗುವುದು ಹಾಲ್ ಮತ್ತು ತೆರೆದ ಅಡುಗೆಮನೆ. ಇಲ್ಲಿ ಗೋಡೆಗಳು ಮೇಲೆ ಹೋದಂತೆ ಹೊರಕ್ಕೆ ಚಾಚುತ್ತವೆ, ಕಿಟಕಿಯಲ್ಲಿ ಬಗ್ಗಿದರೆ ಕೆಳಗಿನ ರಸ್ತೆ ಕಾಣುತ್ತದೆ. ಇದನ್ನು ಡಚ್ಚರು ಬೀದಿಮನೆ ಎನ್ನುತ್ತಾರೆ. ಅದರ ಮೇಲೆ ಮಲಗುವ ಕೋಣೆಗಳು ಮತ್ತು ಬಚ್ಚಲು, ಅದು ಆಕಾಶಮನೆ. ಮಧ್ಯಭಾಗವಾದ್ದರಿಂದ ಇಲ್ಲಿ ಒಂದು ಗೋಡೆ ಹೊರಕ್ಕೆ ಓರೆಯಾದರೆ ಪಕ್ಕದ್ದು ಒಳಕ್ಕೆ ಓರೆ. ತುತ್ತತುದಿಯಲ್ಲಿ ಸುತ್ತಲೂ ಕಿಟಕಿಯಿರುವ ಗೋಪುರದಂಥ ಪುಟ್ಟ ಕೋಣೆ. ಅದಕ್ಕೆ ಎಲೆಗುಡಿಸಲು ಎಂಬ ಅರ್ಥದ ಹೆಸರಿದೆ. ಕೆಲವರು ಅಲ್ಲಿ ಗಿಡ ಬೆಳೆಸುತ್ತಾರೆ, ಕೆಲವರು ಓದುವ ಜಾಗ ಮಾಡಿಕೊಂಡಿದ್ದಾರೆ.

ಒಟ್ಟು ವಿಸ್ತೀರ್ಣ ಸುಮಾರು 100 ಚದರ ಮೀಟರ್. ನಮ್ಮ ಮೇಸ್ತ್ರಿಗಳ ಲೆಕ್ಕದಲ್ಲಿ ಹತ್ತುಮುಕ್ಕಾಲು ಚದರದ ಮನೆ. ಅದರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಉಪಯೋಗಕ್ಕಿಲ್ಲ. ಏಕೆಂದರೆ ಗೋಡೆ ಒಳಕ್ಕೆ ಓರೆಯಾಗಿರುವಲ್ಲಿ ಆರಡಿ ಎತ್ತರದ ಬೀರು ನಿಲ್ಲಿಸಬೇಕೆಂದರೆ ಅದರ ಬೆನ್ನು ಗೋಡೆಯ ಬುಡದಿಂದ ನಾಲ್ಕಡಿಗೂ ಹೆಚ್ಚು ಮುಂದೆ ಬರಬೇಕು, ಇಲ್ಲದಿದ್ದರೆ ಬೀರುವಿನ ತಲೆ ಗೋಡೆಗೆ ತಾಗುತ್ತದೆ. ಹಿಂದೆ ಉಳಿದ ಸಂದು ಸೂಟ್‌ಕೇಸ್ ತಳ್ಳಲು ಬಿಟ್ಟರೆ ಬೇರೇನಕ್ಕೂ ಆಗದು. ಗೋಡೆ ಹೊರಕ್ಕೆ ಓರೆಯಾಗಿರುವ ಕೆಳಮಹಡಿಯಲ್ಲಿ ತೊಂದರೆ ಉಲ್ಟಾ. ಸಾಮಾನನ್ನು ಗೋಡೆಯ ಬುಡಕ್ಕೆ ಒತ್ತಿ ಇಟ್ಟರೂ ಮೇಲೆ ಹಿಂಬದಿಯಲ್ಲಿ ಬಾಯಿ ಬಿಟ್ಟ ಜಾಗ ಉಳಿಯುತ್ತದೆ. ಆದ್ದರಿಂದ ಇಲ್ಲಿ ಅಂಗಡಿಯ ಪೀಠೋಪಕರಣ ಅಷ್ಟಾಗಿ ಹೊಂದದು, ಬಡಗಿಯಿಂದ ಅಳತೆಗೆ ಮಾಡಿಸಬೇಕು. ಗೋಡೆಗೆ ಚಿತ್ರಪಟ ತೂಗುಹಾಕುವ ಆಸೆಯನ್ನಂತೂ ಬಿಟ್ಟುಬಿಡಬೇಕು. ಮ್ಯೂಸಿಯಂ ಮನೆಯೊಳಗೆ ಹೋದಾಗ ಇದನ್ನೇ ಗಮನಿಸಿ. ಯಾವ ಮೂಲೆಗೆ ಏನು ಕೂರಿಸಿದ್ದಾರೆ, ಮೇಜಿನ ಅಂಚನ್ನು ಎಲ್ಲಿ ಕತ್ತರಿಸಿದ್ದಾರೆ, ಸೋಫಾ ಯಾವ ಕೋನಕ್ಕೆ ತಿರುಗಿದೆ. ಅದನ್ನು ನೋಡದೆ ಬಂದರೆ ಟಿಕೆಟ್ಟಿನ ದುಡ್ಡು ದಂಡ.

ಇನ್ನು ಯಾಕೆ ಹೀಗೆ ಕಟ್ಟಿದರು ಎಂಬುದು. ಪ್ರಚಾರಕ್ಕಾಗಿ ಕಟ್ಟಿದ ವಿಚಿತ್ರ ಎಂದುಕೊಂಡು ಹೋದವರು ಹತ್ತು ನಿಮಿಷದಲ್ಲಿ ಬೇಸರಪಟ್ಟು ಬರುತ್ತಾರೆ. 1940ರ ಮೇ 14ರಂದು ಜರ್ಮನ್ ವಿಮಾನಗಳು ಬಾಂಬು ಹಾಕಿ ಈ ನಗರದ ನಡುಭಾಗವನ್ನು ಸುಟ್ಟವು. ಸುಮಾರು 80,000 ಜನ ಮನೆ ಕಳೆದುಕೊಂಡರು. ಬ್ಲಾಕ್ ಎಂದು ಈಗ ಕರೆಯುವ ಅಗಲ ರಸ್ತೆ ಆಗ ನೀರಿನ ಕಾಲುವೆಯಾಗಿತ್ತು, ಅವಶೇಷಗಳ ಕಲ್ಲುಮಣ್ಣು ಸುರಿದು ಅದನ್ನು ಮುಚ್ಚಿದರು. ಯುದ್ಧದ ನಂತರ ಅದು ವಾಹನಗಳ ಹೆದ್ದಾರಿಯಂತಾಯಿತು. ಒಂದು ಕಡೆ ಸಂತೆ ಮೈದಾನ, ಇನ್ನೊಂದು ಕಡೆ ಹಳೆ ಬಂದರು, ನಡುವೆ ಕಾಲ್ನಡಿಗೆಯವರು ದಾಟಲಾಗದ ರಸ್ತೆ. ದಾಟಲು ಮೇಲುಸೇತುವೆ ಬೇಕಿತ್ತು, ನಗರದ ನಡುವೆ ಜನ ಮತ್ತೆ ವಾಸಕ್ಕೆ ಬರುವುದೂ ಬೇಕಿತ್ತು. ಪೀಟ್ ಬ್ಲೊಮ್ ಎಂಬ ವಾಸ್ತುಶಿಲ್ಪಿ ಎರಡನ್ನೂ ಒಂದೇ ಕಟ್ಟಡದಲ್ಲಿ ಮಾಡಿದರು. ಸೇತುವೆಯ ಮೇಲೆಯೇ ಕಂಬ ನಿಲ್ಲಿಸಿ, ಕಂಬದ ತಲೆಯ ಮೇಲೆ ಮನೆ ಕೂರಿಸಿ, ಕಂಬಗಳ ನಡುವಿನ ನೆಲವನ್ನು ಎಲ್ಲರ ಓಡಾಟಕ್ಕೆ ಬಿಟ್ಟರು.

ಬ್ಲೊಮ್ ಅವರಿಗೆ ಈ ವಿಚಾರ ಹೊಸದಲ್ಲ. ಜನರ ವಸತಿಯೇ ಊರಿನ ಚಾವಣಿಯಾಗಬೇಕು, ಕೆಳಗೆ ಬೀದಿಬದುಕು ನಡೆಯಬೇಕು ಎಂಬುದು ಅವರ ಹಟ. ಹೆಂಗೆಲೊ ಎಂಬ ಊರಿನಲ್ಲಿ ಕಸ್ಬಾ ಎಂಬ ಬಡಾವಣೆಯನ್ನು ಇದೇ ತತ್ವದ ಮೇಲೆ ಕಂಬಗಳ ಮೇಲೆತ್ತಿ ಕಟ್ಟಿದ್ದರು. ಹೆಲ್ಮಂಡ್‌ನಲ್ಲಿ 1974ರಲ್ಲಿ ಮೊದಲು ಮೂರು ಪ್ರಯೋಗದ ಘನಗಳನ್ನು, ಅಂದರೆ ಇಂಥ ದಾಳದಾಕಾರದ ಮನೆಗಳನ್ನು ನಿಲ್ಲಿಸಿ ನೋಡಿದರು. ರಾಟರ್‌ಡ್ಯಾಮ್‌ನ ಸಾಲಿನ ನಿರ್ಮಾಣ 1982ರಲ್ಲಿ ಶುರುವಾಗಿ 1984ರಲ್ಲಿ ಮುಗಿಯಿತು. ಇಲ್ಲಿ 38 ಸಾಮಾನ್ಯ ಘನಗಳು, ಎರಡು ದೊಡ್ಡ ಘನಗಳು. ಒಂದೊಂದು ಮನೆ ಒಂದೊಂದು ಮರ, ಎಲ್ಲ ಸೇರಿದರೆ ಕಾಡು ಎಂಬುದು ಅವರ ಕಲ್ಪನೆ. ಬ್ಲಾಕ್ ಕಾಡು ಎಂಬ ಹೆಸರು ಬಂದದ್ದು ಹಾಗೆ. ಆಧಾರದ ಕಂಬ ಮತ್ತು ನೆಲಹಾಸು ಕಾಂಕ್ರೀಟು, ಮೇಲಿನ ಪೆಟ್ಟಿಗೆಯ ಚೌಕಟ್ಟು ಮರದ್ದು.

ಆದ್ದರಿಂದ ನನ್ನ ಸಲಹೆ ಒಂದೇ. ಇದನ್ನು ಸೇತುವೆಯಂತೆ ನೋಡಿ. ಸಂತೆ ಮೈದಾನದ ಕಡೆಯಿಂದ ಹತ್ತಿ, ಮನೆಗಳ ನಡುವಿನ ಅಂಗಳದಲ್ಲಿ ನಿಧಾನವಾಗಿ ನಡೆದು, ಹಳೆ ಬಂದರಿನ ಕಡೆ ಇಳಿಯಿರಿ. ನಡುವೆ ಒಮ್ಮೆ ನಿಂತು ಕೆಳಗೆ ಬಗ್ಗಿದರೆ ನಿಮ್ಮ ಕಾಲಡಿಯಲ್ಲೇ ಕಾರು, ಟ್ರಾಮ್ ಹರಿಯುವುದು ಕಾಣುತ್ತದೆ. ಬಹುಪಾಲು ಪ್ರವಾಸಿಗಳು ಪಕ್ಕದ ಬ್ಲಾಕ್ ರೈಲು ನಿಲ್ದಾಣದ ಕಡೆಯಿಂದಲೇ ಫೋಟೊ ಹೊಡೆದು ಹಿಂತಿರುಗುತ್ತಾರೆ. ಅವರು ನೋಡಿದ್ದು ಹಳದಿ ಡಬ್ಬಿಗಳನ್ನು ಮಾತ್ರ.

ಪ್ರಯಾಣದ ವಿಚಾರ. ಐಂಡ್‌ಹೋವನ್‌ನಿಂದ ಬ್ರೆಡಾ ಮಾರ್ಗವಾಗಿ ಹೋಗುವ ಇಂಟರ್‌ಸಿಟಿ ರೈಲು ಹಿಡಿದರೆ ಒಂದು ಗಂಟೆಗೆ ತುಸು ಮೇಲು ಸಮಯದಲ್ಲಿ ರಾಟರ್‌ಡ್ಯಾಮ್ ಸೆಂಟ್ರಾಲ್ ತಲುಪುತ್ತೀರಿ. ಮನೆಗಳು ಇರುವುದು ಅಲ್ಲಲ್ಲ, ಬ್ಲಾಕ್ ನಿಲ್ದಾಣದ ಪಕ್ಕ. ಸೆಂಟ್ರಾಲ್‌ನಿಂದ ಮೆಟ್ರೊದ ಡಿ ಅಥವಾ ಇ ಮಾರ್ಗದಲ್ಲಿ ಎರಡನೇ ನಿಲುಗಡೆ ಬ್ಯೂರ್ಸ್. ಅಲ್ಲಿ ಇಳಿದು ಎ, ಬಿ ಅಥವಾ ಸಿ ಮಾರ್ಗದಲ್ಲಿ ಪೂರ್ವದ ಕಡೆ ಹೋಗುವ ಗಾಡಿ ಹತ್ತಿದರೆ ಮುಂದಿನ ನಿಲುಗಡೆಯೇ ಬ್ಲಾಕ್. ಬದಲಿಸುವ ಗೋಜು ಬೇಡವೆಂದರೆ ಡೋರ್‌ಡ್ರೆಕ್ಟ್ ಕಡೆ ಹೋಗುವ ಸ್ಪ್ರಿಂಟರ್ ರೈಲು ಸೆಂಟ್ರಾಲ್ ಬಿಟ್ಟ ಮೇಲೆ ಬ್ಲಾಕ್‌ನಲ್ಲೇ ನಿಲ್ಲುತ್ತದೆ. ಮಂಡಿ ನೋವಿದ್ದವರಿಗೆ ಇದು ಉತ್ತಮ. ಇಂಟರ್‌ಸಿಟಿಗಳು ಎಲ್ಲವೂ ಬ್ಲಾಕ್‌ನಲ್ಲಿ ನಿಲ್ಲುವುದಿಲ್ಲ, ಹತ್ತುವ ಮುನ್ನ ಫಲಕ ನೋಡಿ. ನಡೆದೇ ಹೋಗುವುದಾದರೆ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ, ದಾರಿ ಪೂರ್ತಿ ಮಟ್ಟಸ.

ಟಿಕೆಟ್ ಕೊಳ್ಳುವ ಬದಲು ಬ್ಯಾಂಕ್ ಕಾರ್ಡನ್ನೇ ಯಂತ್ರಕ್ಕೆ ತಾಗಿಸಿ ಹತ್ತಿ ಇಳಿಯಬಹುದು. ಭಾರತದಿಂದ ಬಂದವರು ಎಡವುವುದು ಇಲ್ಲೇ. ನಮ್ಮ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ಮತ್ತು ತಾಗಿಸಿ ಪಾವತಿಸುವ ಸೌಲಭ್ಯ ಸಾಮಾನ್ಯವಾಗಿ ಬಂದ್ ಆಗಿರುತ್ತವೆ. ಊರು ಬಿಡುವ ಮುನ್ನ ಬ್ಯಾಂಕಿನ ಆ್ಯಪ್‌ನಲ್ಲಿ ಎರಡನ್ನೂ ಚಾಲೂ ಮಾಡಿಕೊಳ್ಳಿ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಇರಲಿ, ರುಪೇ ಕಾರ್ಡನ್ನು ನಂಬಿಕೊಂಡು ಹೋಗಬೇಡಿ. ಒಬ್ಬರಿಗೆ ಒಂದು ಕಾರ್ಡು, ಇಬ್ಬರೂ ಒಂದನ್ನೇ ತಾಗಿಸುವಂತಿಲ್ಲ. ರೈಲಿನ ಸಂಸ್ಥೆ ಬೇರೆ, ಮೆಟ್ರೊ ಸಂಸ್ಥೆ ಬೇರೆ. ಹಾಗಾಗಿ ರೈಲಿನಿಂದ ಇಳಿದಾಗ ಒಮ್ಮೆ ತಾಗಿಸಿ ಹೊರಬಂದು, ಮೆಟ್ರೊಗೆ ಮತ್ತೊಮ್ಮೆ ತಾಗಿಸಿ ಒಳಹೋಗಬೇಕು. ಇಳಿಯುವಾಗ ತಾಗಿಸುವುದನ್ನು ಮರೆತರೆ ನೀವು ಪ್ರಯಾಣಿಸಿದ ದೂರಕ್ಕಿಂತ ಹೆಚ್ಚಿನ ಮೊತ್ತ ಕಡಿತವಾಗುತ್ತದೆ. ಮೊಬೈಲಿನಲ್ಲಿ ತಾಗಿಸಿ ಹತ್ತಿದವರು ಇಳಿಯುವಾಗಲೂ ಮೊಬೈಲನ್ನೇ ತಾಗಿಸಬೇಕು. ಅದೇ ಖಾತೆಯ ಪ್ಲಾಸ್ಟಿಕ್ ಕಾರ್ಡು ತಾಗಿಸಿದರೆ ಯಂತ್ರ ಅದನ್ನು ಬೇರೆ ಪ್ರಯಾಣಿಕ ಎಂದು ತಿಳಿಯುತ್ತದೆ.

ಮಗಳ ಬಳಿ ಡಚ್ ರೈಲ್ವೆಯ ರಿಯಾಯಿತಿ ಚಂದಾ ಇದ್ದು ಅವಳೂ ಜೊತೆಗೆ ಬರುವುದಾದರೆ ಕಾರ್ಡು ತಾಗಿಸುವುದಕ್ಕಿಂತ ಸಹಪ್ರಯಾಣಿಕರ ಟಿಕೆಟ್ ಅಗ್ಗ. ದಟ್ಟಣೆಯಿಲ್ಲದ ವೇಳೆಯಲ್ಲಿ ಮತ್ತು ವಾರಾಂತ್ಯದಲ್ಲಿ ಜೊತೆಯವರಿಗೆ ಶೇ 40 ರಿಯಾಯಿತಿ ಸಿಗುತ್ತದೆ. ವಾರದ ದಿನಗಳಲ್ಲಿ ಬೆಳಗ್ಗೆ 6.30ರಿಂದ 9 ಮತ್ತು ಸಂಜೆ 4ರಿಂದ 6.30 ದಟ್ಟಣೆಯ ವೇಳೆ. ಅಂದರೆ 9ರ ನಂತರ ಹೊರಟು, ಸಂಜೆ 6.30 ಕಳೆದ ಮೇಲೆ ವಾಪಸು ರೈಲು ಹತ್ತುವಂತೆ ದಿನ ಹೊಂದಿಸಿಕೊಳ್ಳಿ. ಮೇ ತಿಂಗಳಲ್ಲಿ ಅಲ್ಲಿ ರಾತ್ರಿ 9 ದಾಟಿದರೂ ಬೆಳಕಿರುತ್ತದೆ, ಅವಸರವಿಲ್ಲ.

ಯಾವ ದಿನ ಎಂದರೆ ಮಂಗಳವಾರ ಅಥವಾ ಶನಿವಾರ. ಆ ಎರಡು ದಿನ ಬ್ಲಾಕ್ ನಿಲ್ದಾಣದ ಹೊರಗಿನ ಬಿನ್ನನ್‌ರೊಟ್ಟೆ ಮೈದಾನದಲ್ಲಿ ದೊಡ್ಡ ಸಂತೆ ಕಟ್ಟುತ್ತದೆ. ಸಂತೆಗೂ ಬಂದರಿಗೂ ನಡುವೆ ಈ ಸೇತುವೆ ಏಕೆ ಬೇಕಾಯಿತು ಎಂಬುದು ಸಂತೆಯ ದಿನ ಹೋದರೆ ತಾನಾಗಿ ಗೊತ್ತಾಗುತ್ತದೆ. ನೂಕುನುಗ್ಗಲು ಇಷ್ಟವಿಲ್ಲದಿದ್ದರೆ ಮಂಗಳವಾರವೇ ವಾಸಿ.

ಮ್ಯೂಸಿಯಂ ಮನೆಯ ಹೆಸರು ಕೈಕ್ ಕ್ಯೂಬಸ್, ನೋಡುವ ಘನ ಎಂದರ್ಥ. ವಿಳಾಸ ಓವರ್‌ಬ್ಲಾಕ್ 70. ಬೆಳಗ್ಗೆ 11ರ ನಂತರ, ಸಂಜೆ 4.30ರೊಳಗೆ ಬಾಗಿಲಲ್ಲಿ ಇರುವಂತೆ ನೋಡಿಕೊಳ್ಳಿ. ಚಳಿಗಾಲದಲ್ಲಿ ಹೋಗುವವರು ತೆರೆದಿರುವ ದಿನಗಳನ್ನು ಮೊದಲೇ ನೋಡಿಕೊಳ್ಳಬೇಕು, ಆಗ ವೇಳೆ ಕಡಿಮೆ ಮಾಡುವುದುಂಟು. ಟಿಕೆಟ್ ದರ ಕೆಲವೇ ಯೂರೋ. ಒಳಗೆ ಇಪ್ಪತ್ತು ನಿಮಿಷ ಸಾಕು. ಇಪ್ಪತ್ತು ಜನ ಒಟ್ಟಿಗೆ ನುಗ್ಗಿದರೆ ಮೆಟ್ಟಿಲಿನಲ್ಲಿ ಇಳಿಯುವವರಿಗೆ ಹತ್ತುವವರು ಅಡ್ಡವಾಗುತ್ತಾರೆ. ಪ್ರವಾಸಿ ಗುಂಪೊಂದು ಬಾಗಿಲಲ್ಲಿ ನಿಂತಿದ್ದರೆ ಹತ್ತು ನಿಮಿಷ ಅಂಗಳದಲ್ಲಿ ಕಾಯುವುದು ಜಾಣತನ.

ಯಜಮಾನರ ಮಂಡಿಗೆ ಬರೋಣ. ಅಂಗಳಕ್ಕೆ ಬರಲು ಮೆಟ್ಟಿಲು ಹತ್ತಬೇಕು, ಆದರೆ ಅವು ಅಗಲವಾದವು, ನಿಂತು ನಿಂತು ಹತ್ತಬಹುದು. ಮ್ಯೂಸಿಯಂ ಮನೆಯೊಳಗಿನ ಮೆಟ್ಟಿಲಿನ ಕಥೆ ಬೇರೆ. ಕಂಬದೊಳಗೆ ಸುತ್ತಿಕೊಂಡು ಏರುವ ಕಿರಿದಾದ ಮೆಟ್ಟಿಲು, ಲಿಫ್ಟ್ ಇಲ್ಲ. ಹತ್ತುವುದಕ್ಕಿಂತ ಇಳಿಯುವಾಗ ಮಂಡಿಗೆ ಹೆಚ್ಚು ತ್ರಾಸ. ಕಷ್ಟವೆನಿಸಿದರೆ ಮೊದಲ ಮಹಡಿಯವರೆಗೆ, ಅಂದರೆ ಹಾಲ್‌ವರೆಗೆ ಮಾತ್ರ ಹೋಗಿ ಬರಲಿ. ಓರೆ ಕಿಟಕಿ, ಹೊರಕ್ಕೆ ಚಾಚಿದ ಗೋಡೆ, ಅಳತೆಗೆ ಮಾಡಿಸಿದ ಪೀಠೋಪಕರಣ ಎಲ್ಲ ಅಲ್ಲೇ ಇವೆ. ಮೇಲಿನ ಗೋಪುರದ ಕೋಣೆಯಿಂದ ಕಾಣುವ ನೋಟ ಚೆನ್ನ, ಆದರೆ ಅದಕ್ಕಾಗಿ ಮಂಡಿ ಸವೆಸುವಷ್ಟಲ್ಲ. ಕೈಯಲ್ಲಿ ದೊಡ್ಡ ಚೀಲ ಇರಬಾರದು, ಒಂದು ಕೈ ಕಟಕಟೆಗೆ ಬೇಕು. ಸೂಟ್‌ಕೇಸ್ ಇದ್ದರೆ ಸೆಂಟ್ರಾಲ್ ನಿಲ್ದಾಣದ ಲಾಕರ್‌ನಲ್ಲಿ ಬಿಟ್ಟು ಬನ್ನಿ. ಮೇಲಿನ ಮಹಡಿಗಳಲ್ಲಿ ಕಿಟಕಿಯ ಹತ್ತಿರ ಹೋಗುವಾಗ ಕಣ್ಣು ಹೊರಗಿನ ನೋಟದ ಮೇಲಿದ್ದರೆ ಹಣೆ ಗೋಡೆಗೆ ಬಡಿಯುತ್ತದೆ. ನೆಲದ ಅಂಚು ಬರುವ ಮೊದಲೇ ತಲೆಯ ಮಟ್ಟದಲ್ಲಿ ಗೋಡೆ ಬಂದುಬಿಟ್ಟಿರುತ್ತದೆ. ತಲೆಸುತ್ತುವ ಸ್ವಭಾವದವರಿಗೆ ಹೊರಕ್ಕೆ ವಾಲಿದ ಗೋಡೆಗಳ ನಡುವೆ ಕೊಂಚ ತೂರಾಡಿದಂತೆ ಅನಿಸಬಹುದು. ಆಗ ನೆಲವನ್ನೇ ನೋಡಿ, ನೆಲ ನೇರವಾಗಿದೆ.

ಉಳಿದ ಬಹುಪಾಲು ಘನಗಳಲ್ಲಿ ಸಂಸಾರಗಳು ವಾಸವಾಗಿವೆ. ಅಂಗಳ ಎಲ್ಲರದು, ಬಾಗಿಲು ಮೆಟ್ಟಿಲು ಅವರದು. ಎರಡು ದೊಡ್ಡ ಘನಗಳಲ್ಲಿ ಒಂದು 2009ರಿಂದ ಸ್ಟೇಓಕೆ ಎಂಬ ಹಾಸ್ಟೆಲ್. ಮಗಳಂಥ ಯುವಕರು ಒಂದು ರಾತ್ರಿ ತಂಗಲು ಅಡ್ಡಿಯಿಲ್ಲ. ಬಂಕ್ ಮಂಚದ ಹಾಸ್ಟೆಲ್ ಆದ್ದರಿಂದ ನಿಮಗೆ ಶಿಫಾರಸು ಮಾಡಲಾರೆ. ಚದುರಂಗದ ಕಾಯಿಗಳದೇ ಒಂದು ಪುಟ್ಟ ಮ್ಯೂಸಿಯಂ ಕೂಡ ಇದೇ ಸಾಲಿನಲ್ಲಿ ಬಹಳ ವರ್ಷಗಳಿಂದ ಇದೆ, ತೆರೆದಿದ್ದರೆ ಇಣುಕಿ.

ಫೋಟೊಗೆ ಮೂರು ಜಾಗ. ಅಂಗಳದ ನಡುವೆ ನಿಂತು ನೇರ ಮೇಲಕ್ಕೆ ಮೊಬೈಲ್ ಹಿಡಿದರೆ ಮನೆಗಳ ಅಂಚುಗಳ ನಡುವೆ ಆಕಾಶ ನಕ್ಷತ್ರದ ಆಕಾರಕ್ಕೆ ಕತ್ತರಿಸಿಕೊಳ್ಳುತ್ತದೆ. ಅಗಲ ಲೆನ್ಸ್ ಬೇಕು. ಬಿಸಿಲಿನ ದಿನ ಆಕಾಶ ಬೆಳ್ಳಗೆ ಸುಟ್ಟು ಮನೆಗಳ ಅಡಿಭಾಗ ಕಪ್ಪಾಗುತ್ತದೆ, ಮೋಡದ ದಿನವೇ ಅನುಕೂಲ. ಪೂರ್ತಿ ಸಾಲು ಬೇಕೆಂದರೆ ಬ್ಲಾಕ್ ರಸ್ತೆಯ ಆಚೆ ಬದಿಗೆ ಸರಿಯಿರಿ. ಮೂರನೆಯದು ಹಳೆ ಬಂದರಿನ ದಂಡೆ. ಅಲ್ಲಿಂದ ಒಂದು ಕಡೆ ಘನಗಳು, ಇನ್ನೊಂದು ಕಡೆ 1898ರ ವಿಟ್ಟೆ ಹೌಸ್, ಅಂದರೆ ಬಿಳಿ ಮನೆ. ಹತ್ತು ಮಹಡಿಯ ಆ ಕಟ್ಟಡ ಬಾಂಬ್ ದಾಳಿಯಲ್ಲಿ ಉಳಿದುಕೊಂಡಿತು. ಘನಗಳ ಪಕ್ಕದಲ್ಲೇ ಚೂಪಾಗಿ ಕೆತ್ತಿದ ಪೆನ್ಸಿಲ್‌ನಂತೆ ನಿಂತ ಗೋಪುರವೂ ಬ್ಲೊಮ್ ಅವರದೇ. ಅದರಲ್ಲೂ ಜನ ವಾಸವಿದ್ದಾರೆ, ಹೊರಗಿನಿಂದಲೇ ನೋಡುವುದು.

ಊಟಕ್ಕೆ ಮೈದಾನದ ಇನ್ನೊಂದು ಬದಿಯ ಮಾರ್ಕ್ಟ್‌ಹಾಲ್‌ಗೆ ಹೋಗಿ. 2014ರಲ್ಲಿ ತೆರೆದ ಕುದುರೆಲಾಳದ ಆಕಾರದ ಮಾರುಕಟ್ಟೆ. ಕಮಾನಿನೊಳಗೆ ಅಂಗಡಿಗಳು, ಕಮಾನಿನ ದಪ್ಪದೊಳಗೆ 228 ವಸತಿಗಳು. ಬ್ಲೊಮ್ ಹಾಕಿದ ಲೆಕ್ಕವನ್ನೇ ಮೂವತ್ತು ವರ್ಷದ ನಂತರ ಎಂವಿಆರ್‌ಡಿವಿ ಎಂಬ ವಾಸ್ತುಶಿಲ್ಪ ಸಂಸ್ಥೆಯವರು ಬೇರೆ ಆಕಾರದಲ್ಲಿ ಹಾಕಿದ್ದಾರೆ ಎನ್ನಬಹುದು. ಒಳ ಚಾವಣಿಯ ಮೇಲೆ ಸುಮಾರು 11,000 ಚದರ ಮೀಟರ್ ಹಣ್ಣು ತರಕಾರಿ ಹೂವಿನ ಚಿತ್ರವಿದೆ, ಕುತ್ತಿಗೆ ನೋಯುವಷ್ಟು ನೋಡಬಹುದು. ಸಸ್ಯಾಹಾರಿಗಳಾಗಿದ್ದರೆ ಎರಡು ಮಾತು. ಚೀಸ್ ಕೊಳ್ಳುವಾಗ ಸ್ಟ್ರೆಮ್ಸೆಲ್ ಯಾವುದು ಎಂದು ಕೇಳಿ. ಹಾಲು ಒಡೆಯಲು ಹಾಕುವ ಆ ವಸ್ತು ಕರುವಿನ ಹೊಟ್ಟೆಯಿಂದ ತೆಗೆದದ್ದಾಗಿರಬಹುದು, ಸಸ್ಯಾಹಾರಿ ಬಗೆಯದೂ ಸಿಗುತ್ತದೆ. ಆಲೂಗಡ್ಡೆ ಫ್ರೈಸ್ ಕೊಳ್ಳುವ ಮುನ್ನ ಯಾವ ಎಣ್ಣೆಯಲ್ಲಿ ಕರಿದಿದ್ದೀರಿ ಎಂದು ಕೇಳಿ, ಕೆಲವರು ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಶೌಚಾಲಯಕ್ಕೆ ದುಡ್ಡು ಕೊಡಬೇಕು, ಅದಕ್ಕೂ ಕಾರ್ಡು ನಡೆಯುತ್ತದೆ.

ಇಷ್ಟಕ್ಕೆ ಬ್ಲಾಕ್ ಸುತ್ತಮುತ್ತಲೇ ಮೂರು ಗಂಟೆ ಹಿಡಿಯುತ್ತದೆ. ಮಳೆಗಾಳಿ ಇದ್ದರೆ ಛತ್ರಿಗಿಂತ ಟೋಪಿಯಿರುವ ಜಾಕೆಟ್ ಮೇಲು. ಕಂಬಗಳ ನಡುವೆ ಗಾಳಿ ಬಿಗಿಯಾಗಿ ನುಗ್ಗಿ ಛತ್ರಿಯನ್ನು ತಿರುವಿಹಾಕುತ್ತದೆ.

ಹೆಲ್ಮಂಡ್ ಬಿಡಬೇಕಿಲ್ಲ. ಐಂಡ್‌ಹೋವನ್‌ನಿಂದ ರೈಲಿನಲ್ಲಿ ಹತ್ತು ಹದಿನೈದು ನಿಮಿಷ, ಒಂದು ಸಂಜೆಯ ತಿರುಗಾಟಕ್ಕೆ ಸರಿ. ಅಲ್ಲಿನ ಘನಗಳು ಸ್ಪೇಲ್‌ಹೌಸ್ ಎಂಬ ರಂಗಮಂದಿರವನ್ನು ಸುತ್ತುವರಿದು ನಿಂತಿದ್ದವು. ಬ್ಲೊಮ್ ಅವರೇ ಕಟ್ಟಿದ ಆ ರಂಗಮಂದಿರ 2011ರ ಡಿಸೆಂಬರ್ 29ರಂದು ಬೆಂಕಿಗೆ ಆಹುತಿಯಾಯಿತು. ಈಗ ಮನೆಗಳನ್ನು ಹೊರಗಿನಿಂದ ನೋಡಬಹುದು. ರಾಟರ್‌ಡ್ಯಾಮ್‌ನ ಮನೆಯೊಳಗೆ ಹೋಗಿ ಬಂದ ಮೇಲೆ ನೋಡಿದರೆ, ಕೆಳಗೆ ರಸ್ತೆಯೂ ಸೇತುವೆಯೂ ಇಲ್ಲದ ಈ ಘನಗಳು ಬರೀ ನೆಲದಿಂದ ಎದ್ದು ನಿಂತಿರುವ ವ್ಯತ್ಯಾಸ ನಿಮಗೇ ಕಾಣುತ್ತದೆ.